ಐದು ಎಚ್‌ಪಿಯ ಪ್ಲೇಟು

ಮರಿಲಿಂಗಪ್ಪನವರು ಕುರ್ಚಿಯಲ್ಲಿ ನೆಟ್ಟಗೆ ಕೂತದ್ದನ್ನು ಈ ಹನ್ನೊಂದು ವರ್ಷದಲ್ಲಿ ನಾನು ನೋಡಿರಲಿಲ್ಲ. ಅವರ ಎದುರಿನ ಟೇಬಲ್ ನನ್ನದು. ನನ್ನ ಕುರ್ಚಿಯ ಹೆಣಿಗೆ ಎರಡು ಸಲ ಹರಿದು, ಎರಡು ಸಲ ಹೆಣೆಸಿಕೊಂಡದ್ದಾಗಿದೆ. ಅವರದು ಅಂಗಡಿಯಿಂದ ತಂದ ಹಾಗೇ ಇದೆ. ನಿಂತೇ ಬರೆಯುತ್ತಾರೆ, ನಿಂತೇ ಫೋನಿನಲ್ಲಿ ಮಾತಾಡುತ್ತಾರೆ, ಕಿಟಕಿಗೆ ಹೋಗಿ ಬರುತ್ತಾರೆ, ಬಾಗಿಲಿಗೆ ಹೋಗಿ ಬರುತ್ತಾರೆ. ಮೈಮೇಲೆ ಇರುವೆ ಹರಿದವರ ಹಾಗೆ ಆಡಬೇಡಿ, ನನಗೆ ಟೈಪ್ ತಪ್ಪುತ್ತದೆ ಎಂದು ಎಷ್ಟೋ ಸಲ ರೇಗಿದ್ದೇನೆ. "ಆತ್ರಿ ತಂಗಿ" ಎಂದು ಇನ್ನೊಂದು ಸುತ್ತು ಹಾಕುತ್ತಾರೆ. ಮೊದಲು ಹೀಗಿರಲಿಲ್ಲ.

ನಮ್ಮದು ಸುರಪುರದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಜನರ ಬಾಯಲ್ಲಿ ಕರೆಂಟ್ ಸೊಸೈಟಿ. ಸಗಟಿನಲ್ಲಿ ಕರೆಂಟು ಕೊಂಡು, ಇಲ್ಲಿಂದ ಕೃಷ್ಣೆಯ ದಂಡೆಯ ತಿಂಥಣಿಯವರೆಗೆ ನಲವತ್ತೊಂದು ಹಳ್ಳಿಗೆ ಹಂಚುತ್ತೇವೆ. ಸದಸ್ಯರೆಲ್ಲ ರೈತರು. ಕರೆಂಟು ಬಳಸುವವರೂ ಅವರೇ, ನಮ್ಮ ಅಧ್ಯಕ್ಷರಿಗೆ ಓಟು ಹಾಕುವವರೂ ಅವರೇ. ನಾನು ನಾಗರತ್ನಾ, ಟೈಪಿಸ್ಟ್ ಆಗಿ ಸೇರಿದವಳು. ಈಗ ಹೆಸರಿಗೆ ಹಿರಿಯ ಗುಮಾಸ್ತೆ, ಟೈಪ್ ಮಾಡುವುದು ಮಾತ್ರ ತಪ್ಪಿಲ್ಲ. ಮರಿಲಿಂಗಪ್ಪನವರದು ಲೋಡ್ ವಿಭಾಗ. ಮುಂದಿನ ಹತ್ತು ವರ್ಷದಲ್ಲಿ ನಮ್ಮ ಹಳ್ಳಿಗಳಿಗೆ ಎಷ್ಟು ಕರೆಂಟು ಬೇಕಾದೀತು ಎಂದು ಅಂದಾಜು ಹಾಕುವುದು ಅವರ ಕೆಲಸ. ಆ ಅಂದಾಜು ಯಾದಗಿರಿಯ ಮೇಲಿನ ಕಚೇರಿಗೆ ಹೋಗುತ್ತದೆ. ಎಲ್ಲಿ ಕರೆಂಟಿನ ಹೊಸ ಸ್ಟೇಷನ್ ಕಟ್ಟಬೇಕು, ಯಾವ ಹೊಲದ ಅಂಚಿಗೆ ಎಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ ಕೂಡಿಸಬೇಕು ಎಂಬುದೆಲ್ಲ ಅದನ್ನು ನೋಡಿಯೇ ತೀರ್ಮಾನವಾಗುತ್ತದೆ. ಟ್ರಾನ್ಸ್‌ಫಾರ್ಮರಿಗೆ ನಮ್ಮ ಕಡೆ ಟಿ.ಸಿ. ಎನ್ನುತ್ತಾರೆ.

ಇದು ಕಂಪ್ಯೂಟರಿನ ಮುಂದೆ ಕೂತು ಮಾಡುವ ಕೆಲಸ ಎಂದು ಹೊರಗಿನವರು ತಿಳಿದಿದ್ದಾರೆ. ಹೊಲದ ಪಂಪುಗಳಿಗೆ ಮೀಟರೇ ಇಲ್ಲ, ಕಂಪ್ಯೂಟರಿಗೆ ಏನು ಹಾಕುತ್ತೀರಿ? ಎಷ್ಟು ಮೋಟಾರು, ಒಂದೊಂದರ ತಾಕತ್ತು ಎಷ್ಟು ಎಚ್‌ಪಿ, ಇವೆರಡನ್ನು ಹೋಗಿ ನೋಡಿ ಬರಬೇಕು. ೨೦೧೧ರಲ್ಲಿ ಮರಿಲಿಂಗಪ್ಪನವರು ಅದನ್ನೇ ಮಾಡಿದರು. ನಾಲ್ಕು ತಿಂಗಳು ಹೊಲ ಸುತ್ತಿ ಎರಡು ಸಾವಿರದ ನೂರ ನಲವತ್ತು ಮೋಟಾರು ಎಣಿಸಿದರು. ಆಫೀಸಿನಲ್ಲಿ ದೊಡ್ಡ ಓದು ಓದಿದವರಿದ್ದರು, ಆದರೆ ಕಂಬದ ನಂಬರುಗಳು ಬಾಯಿಪಾಠ ಬರುತ್ತಿದ್ದದ್ದು ಇವರೊಬ್ಬರಿಗೆ. ತಿಂಥಣಿ ಹತ್ತಿರದ ಹಳ್ಳಿಯ ಕೂಲಿಕಾರ ದ್ಯಾವಪ್ಪನ ಮಗ, ಪಿಯುಸಿ ಮುಗಿಸಿ ಮೀಟರ್ ರೀಡರ್ ಆಗಿ ಸೇರಿದವರು. ಸರ್ಕಾರದಿಂದ ಅವರ ಅಪ್ಪನಿಗೆ ಹೊಳೆದಂಡೆಯಲ್ಲಿ ಮೂರು ಎಕರೆ ಸಿಕ್ಕಿತ್ತು, ಜೊತೆಗೆ ಐದು ಎಚ್‌ಪಿಯ ಒಂದು ಮೋಟಾರು. ಮನೆಯ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊ, ಪಕ್ಕದಲ್ಲಿ ಬುದ್ಧ. ನಾನು ಹೋದಾಗ ಮೊದಲು ತೋರಿಸಿದ್ದು ಅವೆರಡನ್ನು, ಆಮೇಲೆ ಕರೆದುಕೊಂಡು ಹೋಗಿ ಆ ಹೊಲವನ್ನು.

ಆ ಪಟ್ಟಿಯನ್ನು ಟೈಪ್ ಮಾಡಿದವಳು ನಾನು. ಹೆಸರು, ಹಳ್ಳಿ, ಎಚ್‌ಪಿ. ಎಚ್‌ಪಿಯ ಸಾಲಿನಲ್ಲಿ ಐದು, ಐದು, ಐದು. ಕೀಲಿಮಣೆಯ ಮೇಲೆ ಐದರ ಅಂಕಿ ಅಳಿಸಿಹೋಯಿತು. "ನಿಮ್ಮ ಮೋಟಾರೆಲ್ಲ ಒಂದೇ ತಾಯಿ ಮಕ್ಕಳೇನ್ರಿ?" ಎಂದು ಛೇಡಿಸಿದೆ. ನನ್ನ ಎಲ್ಲ ಚೇಷ್ಟೆಗೂ ನಗುವ ಮನುಷ್ಯ, ಅವತ್ತು ನಗಲಿಲ್ಲ. ಪ್ಲೇಟಿನ ಮೇಲೆ ಇದ್ದದ್ದನ್ನು ಬರೆದಿದ್ದೇನೆ ಎಂದರು. ಪ್ರತಿ ಮೋಟಾರಿನ ಬೆನ್ನಿಗೆ ಎಚ್‌ಪಿ ಕೊರೆದ ಒಂದು ಸಣ್ಣ ಪ್ಲೇಟು ಇರುತ್ತದೆ.

ಅದರ ಆಧಾರದ ಮೇಲೆ ಟಿ.ಸಿ.ಗಳು ಬಂದವು. ತಿಂಥಣಿಯ ಹೊಳೆದಂಡೆಗೆ ಬಂದ ಒಂದಕ್ಕೆ ಹನ್ನೆರಡು ಮೋಟಾರು. ಹನ್ನೆರಡೈದಲೆ ಅರವತ್ತು, ಟಿ.ಸಿ.ಯ ತಾಕತ್ತು ಅರವತ್ತಮೂರು. ಕಾಗದದ ಮೇಲೆ ಬರೋಬ್ಬರಿ ಇತ್ತು. ೨೦೧೪ರ ಏಪ್ರಿಲ್‌ನಲ್ಲಿ ಅದರ ಫ್ಯೂಸು ಮೇಲಿಂದ ಮೇಲೆ ಹೋಗತೊಡಗಿತು. ಲೈನ್‌ಮನ್ ಪಂಪಣ್ಣ ಫ್ಯೂಸು ಕಟ್ಟಿ ಕೆಳಗೆ ನಿಂತಿದ್ದ. ಕರೆಂಟು ಬಂತು. ನಮ್ಮ ರೈತರು ಮೋಟಾರಿಗೆ ಆಟೊ ಸ್ಟಾರ್ಟರ್ ಹಾಕಿಸಿರುತ್ತಾರೆ, ಕರೆಂಟು ಬಂದ ಗಳಿಗೆಗೆ ಎಲ್ಲವೂ ಒಮ್ಮೆಗೇ ಚಾಲೂ ಆಗುತ್ತವೆ. ಟಿ.ಸಿ. ಸಿಡಿದು ಕುದಿಯುವ ಎಣ್ಣೆ ಅವನ ಬಲಗೈ ಮೇಲೆ ಬಿತ್ತು. ಮೂರು ವಾರ ಆಸ್ಪತ್ರೆಯಲ್ಲಿಟ್ಟುಕೊಂಡು ಕೊನೆಗೆ ಮೊಣಕೈಯ ಕೆಳಗೆ ತೆಗೆದರು. ಟಿ.ಸಿ.ಯಲ್ಲಿ ದೋಷವಿತ್ತು ಎಂದು ವರದಿ ಬರೆದರು, ಅದನ್ನೂ ನಾನೇ ಟೈಪ್ ಮಾಡಿದೆ.

ಪಂಪಣ್ಣನಿಗೆ ಆಫೀಸಿನಲ್ಲೇ ಜವಾನನ ಕೆಲಸ ಕೊಟ್ಟರು. ಎಡಗೈಯಲ್ಲಿ ಟ್ರೇ ಹಿಡಿದು ನಮಗೆಲ್ಲ ಚಹಾ ತಂದುಕೊಡುತ್ತಾನೆ. ಮರಿಲಿಂಗಪ್ಪನವರೂ ಅವನೂ ಒಂದೇ ದಿನ ಕೆಲಸಕ್ಕೆ ಸೇರಿದವರು, ಒಂದೇ ಸೈಕಲ್ಲಿನಲ್ಲಿ ಲೈನು ಸುತ್ತಿದವರು. ಅವನು ಚಹಾ ತಂದರೆ ಇವರು ಎದ್ದು ಬಾಗಿಲ ಹತ್ತಿರವೇ ಹೋಗಿ ತೆಗೆದುಕೊಳ್ಳುತ್ತಾರೆ, ನಿಂತು ಕುಡಿಯುತ್ತಾರೆ, ಕಪ್ಪನ್ನು ತಾವೇ ತೊಳೆದಿಡುತ್ತಾರೆ. ಗೆಳೆಯನ ಮೇಲಿನ ಮರುಕ ಎಂದು ನಾನು ತಿಳಿದಿದ್ದೆ. ಎಷ್ಟು ದಡ್ಡಿ ನಾನು!

ಈ ವರ್ಷ ಮತ್ತೆ ಅಂದಾಜಿನ ಸರದಿ ಬಂತು. ೨೦೩೫ರವರೆಗಿನದು. ಮೇ ಕೊನೆಗೆ ಮರಿಲಿಂಗಪ್ಪನವರು ನಿವೃತ್ತರಾಗುವವರು, ಇದು ಅವರ ಕೊನೆಯ ವರದಿ. ಏಪ್ರಿಲ್ ಎರಡನೆಯ ಶುಕ್ರವಾರದೊಳಗೆ ಯಾದಗಿರಿಗೆ ಮುಟ್ಟಬೇಕು. ಸಹಾಯಕ್ಕೆಂದು ಸಪ್ನಾ ಎಂಬ ಇಂಜಿನಿಯರ್ ಬಂದಳು. ರಾಮಸಮುದ್ರದ ಹುಡುಗಿ, ಮಾತು ಕಡಿಮೆ, ಕಣ್ಣು ಚುರುಕು. ಹಳೆಯ ವರ್ಷಗಳ ಅಂಕಿ ಹಾಕಿದರೆ ಮುಂದಿನ ಹತ್ತು ವರ್ಷದ ಗೆರೆ ಎಳೆಯುವ ಲೆಕ್ಕ ಅವಳ ಲ್ಯಾಪ್‌ಟಾಪಿನಲ್ಲಿತ್ತು. ಆ ವಾರದ ಸೋಮವಾರ ಮಧ್ಯಾಹ್ನ ಗೆರೆ ಎಳೆಯದೆ ಸುಮ್ಮನೆ ಕೂತಳು.

"ಸರ್, ನಿಮ್ಮ ಪಟ್ಟಿ ಪ್ರಕಾರ ತಿಂಥಣಿ ಲೈನಿನ ಮ್ಯಾಲ ನಾಕನೂರು ಮೋಟಾರ್ ಅದಾವ್ರಿ. ಎಲ್ಲಾ ಒಮ್ಮಿಗೇ ಓಡಿದ್ರೂ ಇಷ್ಟ ಲೋಡ್ ಆಗಬೇಕು. ಸ್ಟೇಷನ್ ಮೀಟರ್ ಹೆಚ್ಚುಕಮ್ಮಿ ಎರಡರಷ್ಟು ತೋರಿಸ್ತದ. ಉಳಿದದ್ದು ಎಲ್ಲಿ ಹೊಂಟದ್ರಿ?"

"ತಂತ್ಯಾಗ ಹೋಗ್ತದವ್ವ. ಲೈನ್ ಲಾಸ್," ಎಂದರು ಮರಿಲಿಂಗಪ್ಪ, ಕಿಟಕಿಯ ಹತ್ತಿರ ನಿಂತು.

"ಇಷ್ಟು ಲಾಸ್ ಆದ್ರ ತಂತಿ ಕರಗಿ ನೆಲಕ್ಕ ಬೀಳಬೇಕಿತ್ರಿ. ಬುನಾದಿ ಅಂಕಿನೇ ಸುಳ್ಳಿದ್ರ ಹತ್ತು ವರ್ಷದ ಅಂದಾಜಿಗಿ ಅರ್ಥ ಇಲ್ರಿ. ಕಡಿಮಿ ಬರದ್ರ ತಿಂಥಣಿಗಿ ಹೊಸ ಸ್ಟೇಷನ್ ಸಿಗಂಗಿಲ್ಲ, ಹಳೇ ಟಿ.ಸಿ.ಗಳೇ ಇನ್ನ ಹತ್ತು ವರ್ಷ. ಸುಮ್ಮ ಹೆಚ್ಚು ಬರದ್ರ ಪುರಾವೆ ಎಲ್ಲಿ ಅಂತಾರ."

ಮರಿಲಿಂಗಪ್ಪನವರು ಕಿಟಕಿ ಬಿಟ್ಟರು. ಬಾಗಿಲಿಗೆ ಹೋದರು, ಬಂದರು, ಮತ್ತೆ ಹೋದರು. ಹೊರಗೆ ಅವರ ಟಿವಿಎಸ್ ಗಾಡಿ ಚಾಲೂ ಆದ ಸಪ್ಪಳ ಕೇಳಿಸಿತು. ಅವತ್ತು ತಿರುಗಿ ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ನನಗೆ ಫೋನು. "ತಂಗಿ, ಶಹಾಪುರಕ್ಕ ಬರ್ರಿ. ಮುಷರಫನ ದುಕಾನಿಗಿ. ಓದಿ ಬರಕೊಳ್ಳಾಕ ಒಬ್ರು ಬೇಕು, ನನ್ನ ಕಣ್ಣ ಮ್ಯಾಲ ನನಗ ಭರೋಸಾ ಇಲ್ಲ."

ಆ ಬಿಸಿಲಲ್ಲಿ ಬಸ್ಸು ಹಿಡಿದು ಹೋದೆ. ದಾರಿಯುದ್ದಕ್ಕೂ ಅವರಿಗೆ ಶಾಪ ಹಾಕಿದೆ. ಮುಷರಫನದು ಸುಟ್ಟ ಮೋಟಾರಿಗೆ ತಾಮ್ರದ ತಂತಿ ಹೊಸದಾಗಿ ಸುತ್ತಿಕೊಡುವ ಅಂಗಡಿ. ಸುತ್ತಿನ ಮೂರು ತಾಲೂಕಿನ ಮೋಟಾರುಗಳು ಸುಟ್ಟರೆ ಹೋಗುವುದು ಅಲ್ಲಿಗೇ. ತಕ್ಕಡಿಯ ಮುಂದೆ ಒಂದು ತಗಡಿನ ಡಬ್ಬಿ ಬಿಚ್ಚಿಟ್ಟಿದ್ದ. ಅದರ ತುಂಬ ಸಣ್ಣ ಪ್ಲೇಟುಗಳು, ಎಲ್ಲದರ ಮೇಲೂ ಐದು.

"ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ," ಎಂದ ಮುಷರಫ. "ಬ್ಯಾಸಗ್ಯಾಗ ಹೊಳಿ ದೂರ ಸರೀತದ, ಪೈಪು ಉದ್ದ ಆಗ್ತದ, ಐದು ಎಚ್‌ಪಿ ನೀರು ಎತ್ತಂಗಿಲ್ಲ. ರೈತರು ಹತ್ತಕ್ಕ ಅರ್ಜಿ ಕೊಟ್ರ ನಿಮ್ಮ ಸೊಸೈಟಿ ಟಿ.ಸಿ. ತುಂಬ್ಯದ ಅಂತ ವರ್ಷಾನುಗಟ್ಲೆ ತಿರುಗಾಡಿಸ್ತದ. ಅದಕ್ಕ ಮೋಟಾರ್ ಹತ್ತರದು ಕೂಡಸ್ತಾರ, ಪ್ಲೇಟು ಐದರದು ಹೊಡಿ ಅಂತಾರ. ನಾ ಹೊಡೀತೀನಿ. ಖರೇ, ತಾಂಬಾ ಮಾತ್ರ ಹತ್ತಕ್ಕ ಎಷ್ಟು ಬೇಕೋ ಅಷ್ಟ ಸುತ್ತಬೇಕಾಗ್ತದ."

ಎಷ್ಟು ತಾಮ್ರ ಸುತ್ತಿದೆ ಎಂಬುದನ್ನು ಅವನು ವಹಿಯಲ್ಲಿ ಬರೆದಿಟ್ಟಿದ್ದ. ಮೋಟಾರಿನ ಮಾಲಕ, ಹಳ್ಳಿ, ತಾಮ್ರದ ತೂಕ, ನಿಜವಾದ ಎಚ್‌ಪಿ. ಹದಿನೇಳು ವರ್ಷದ ವಹಿಗಳು, ಎಲ್ಲಕ್ಕಿಂತ ಹಳೆಯದು ೨೦೦೯ರದು. ಯಾದಗಿರಿಗೆ ಬೇಕಾದ ಹತ್ತು ವರ್ಷದ ಗೆರೆ ಶಹಾಪುರದ ಆ ಎಣ್ಣೆ ಜಿಡ್ಡಿನ ಅಂಗಡಿಯಲ್ಲಿ ಬಿದ್ದಿತ್ತು. ಮರಿಲಿಂಗಪ್ಪನವರು ಅಂಗಡಿಯ ಮುಂದೆ ಅತ್ತಿಂದಿತ್ತ ಓಡಾಡುತ್ತಿದ್ದರು. ನಾನು ತಿಂಥಣಿ ಲೈನಿನ ಹೆಸರುಗಳನ್ನು ಹುಡುಕಿ, ಗಟ್ಟಿಯಾಗಿ ಓದಿ ಬರೆದುಕೊಳ್ಳುತ್ತಾ ಹೋದೆ. ಹತ್ತು. ಹತ್ತು. ಏಳೂವರೆ. ಹತ್ತು. ೨೦೦೯ರ ವಹಿ ತೆರೆದಾಗ ನನ್ನ ಬಾಯಿ ನಿಂತಿತು.

ಮರಿಲಿಂಗ, ತಂದೆ ದ್ಯಾವಪ್ಪ. ಹತ್ತು.

"ಯಾಕ ನಿಂತ್ರಿ? ಓದ್ರಿ," ಎಂದರು ಅವರು. ಓಡಾಟ ನಿಂತಿತ್ತು. "ಓದ್ರಿ ತಂಗಿ. ಅದು ನಂದೇ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮುಷರಫ ಎದುರಿಗಿದ್ದಾನೆ ಎನ್ನುವುದನ್ನೂ ನೋಡದೆ ಕೇಳಿದೆ. "ಎಣಿಸಾಕ ಹೋಗೋ ಎರಡು ವರ್ಷ ಮೊದಲ ಇದು. ಗೊತ್ತಿದ್ದೂ ಐದು ಅಂತ ಬರದ್ರೇನ್ರಿ?"

"ನಂದೊಂದ ಅಂದ್ಕೊಂಡಿದ್ದೆ," ಎಂದರು. "ಸರ್ಕಾರದ ಮೋಟಾರ್ ತೆಗದು ಬ್ಯಾರೆ ಕೂಡಸ್ಯಾನ ಅಂತ ಅಪ್ಪನ ಮ್ಯಾಲ ಬರ್ತದಂತ ಅಂಜಿದೆ. ಎರಡು ಸಾವಿರದಾಗ ಒಂದು ಸುಳ್ಳಾದ್ರ ಏನಾದೀತು ಅಂದೆ. ಆಮ್ಯಾಲ ಹೊಲ ಹೊಲ ತಿರಗತಾ ನೋಡ್ದೆ, ಪ್ಲೇಟೆಲ್ಲ ಒಂದೇ ಅಚ್ಚಿನವು. ತಿಳೀತು. ನಾ ಬಾಯಿ ಬಿಟ್ರ ಮೊದಲ ನಂದೇ ಹೊರಗ ಬರ್ತಿತ್ತು." ವಹಿಯ ಮೇಲೆ ಕೈಯಿಟ್ಟರು. "ಪಂಪಣ್ಣ ನಿಂತಿದ್ನಲ್ಲ, ಆ ಟಿ.ಸಿ. ನಮ್ಮ ಹೊಲದ್ದು ತಂಗಿ. ಅವತ್ತ ನನ್ನ ಮೋಟಾರೂ ಚಾಲೂ ಆಗಿತ್ತು."

ಸುರಪುರಕ್ಕೆ ಬರುವವರೆಗೆ ಅವರ ಹತ್ತಿರ ಒಂದು ಮಾತೂ ಆಡಲಿಲ್ಲ. ಗಾಡಿ ಮನೆಯಲ್ಲಿ ಬಿಟ್ಟು ಅವರೂ ಬಸ್ಸಿಗೇ ಬಂದಿದ್ದರು, ತಿರುಗಿ ಬರುವಾಗ ಜಾಗವಿದ್ದರೂ ಕಂಬಿ ಹಿಡಿದು ನಿಂತೇ ಬಂದರು. ಸಿಟ್ಟು ಇಳಿಯುತ್ತಾ ಬಂದ ಹಾಗೆ ನನಗೇ ಒಳಗೆ ಚುರುಕ್ಕೆಂದಿತು. ಎರಡು ಸಾವಿರ ಸಲ ಐದು ಹೊಡೆದವಳು ನಾನು. ಚೇಷ್ಟೆ ಮಾಡುವಷ್ಟು ಅನುಮಾನ ಬಂದಿತ್ತು, ಕೇಳುವಷ್ಟು ಪುರುಸೊತ್ತು ಇರಲಿಲ್ಲವೇ?

ಬುಧವಾರ ಸಪ್ನಾ ನಾವು ತಂದ ಪಟ್ಟಿಯನ್ನು ಸ್ಟೇಷನ್ ಮೀಟರಿನ ಜೊತೆ ಹೋಲಿಸಿದಳು. ಅರ್ಧ ತಾಸಿನಲ್ಲಿ ತಾಳೆಯಾಯಿತು. ಆದರೆ ಅಂಗಡಿಯ ವಹಿ ಯಾದಗಿರಿಯಲ್ಲಿ ನಡೆಯುವುದಿಲ್ಲ ಎಂದಳು. ಮಾಲಕರೇ ತಮ್ಮ ಮೋಟಾರು ಇಷ್ಟು ಎಚ್‌ಪಿ ಎಂದು ಸಹಿ ಮಾಡಿದ ಫಾರಂ ಬೇಕು, ತಿಂಥಣಿ ಲೈನಿನ ಅರ್ಧದಷ್ಟು ಜನರದಾದರೂ ಬೇಕು. ಕೈಯಲ್ಲಿ ಎರಡು ದಿನ ಇತ್ತು. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಮೊದಲು ಯಾರು ಬರೆದುಕೊಡುತ್ತಾರೆ?

ಸುದ್ದಿ ಅಧ್ಯಕ್ಷ ವಿಶ್ವರಾಧ್ಯರ ಕಿವಿಗೆ ಬಿದ್ದು ಅವರೇ ಬಂದರು. ಅಧ್ಯಕ್ಷರು ನನಗೆ 'ರೀ' ಹಚ್ಚಿ ಮಾತಾಡುತ್ತಾರೆ, ಅವರಿಗಿಂತ ಹತ್ತು ವರ್ಷ ದೊಡ್ಡವರಾದ ಮರಿಲಿಂಗಪ್ಪನವರಿಗೆ ಹಚ್ಚುವುದಿಲ್ಲ. ಇದು ನನಗೆ ಎಂದೂ ಸೇರಿದ್ದಲ್ಲ.

"ಜುಲೈದಾಗ ಇಲೆಕ್ಷನ್ ಅದ," ಎಂದರು. "ನಮ್ಮ ಸದಸ್ಯರಿಗೇ ನೀವು ಕಳ್ಳರು ಅಂತ ಫಾರಂ ಕೊಡ್ತಿಯೇನು? ಸೋಲಾರ್ ಪಂಪು ಬರಾಕತ್ಯಾವ, ಮುಂದ ಲೋಡು ಭಾಳ ಏರಂಗಿಲ್ಲ. ಹಳೇ ಪಟ್ಟಿ ಮ್ಯಾಲ ವರ್ಷಕ್ಕ ನೂರಕ್ಕ ಮೂರರಂಗ ಏರಿಸಿ ಕಳಿಸು."

"ಸೋಲಾರ್ ಬಂದವ್ರು ಹಳೇ ಮೋಟಾರ್ ಬಿಚ್ಚಿಲ್ರಿ. ಹಗಲಿ ಅದು, ಸಂಜೀಕ ಇದು, ಎರಡೂ ಓಡಸಾಕತ್ಯಾರ. ನಾ ನೋಡಿ ಬಂದೀನಿ."

"ನೋಡೀಯಂತ! ಫಾರಂ ತುಂಬೋದಾದ್ರ ಮೊದಲನೇದು ನಿಂದೇ ಆಗ್ತದ ಮರಿಲಿಂಗ. ಲೋಡ್ ಸೆಕ್ಷನ್ನಿನವನ ಮೋಟಾರೇ ಸುಳ್ಳು ಅಂದ್ರ ಎನ್‌ಕ್ವಾಯರಿ ಆಗ್ತದ. ಹೋಗೋ ಮುಂದ ಯಾಕ ಊರ ಬಾಯಿಗಿ ಬೀಳ್ತಿ?" ಎಂದು ಎದ್ದು ಹೋದರು.

ಮರಿಲಿಂಗಪ್ಪನವರು ಕಿಟಕಿಗೆ ಹೋದರು. ಬಾಗಿಲಿಗೆ ಹೋದರು. ಖಾಲಿ ಫಾರಂ ಟೇಬಲ್ಲಿನ ಮೇಲೆ ಫ್ಯಾನಿನ ಗಾಳಿಗೆ ಪಟಪಟ ಎನ್ನುತ್ತಿತ್ತು. ಎನ್‌ಕ್ವಾಯರಿಗೆ ಅಂಜುವ ಮನುಷ್ಯರಲ್ಲ ಅವರು. ಅವರಿಗೆ ಯಾರ ಅಂಜಿಕೆ ಎಂದು ನನಗೆ ಹಿಂದಿನ ದಿನವೇ ಗೊತ್ತಾಗಿತ್ತು. ಫಾರಮ್ಮಿನ ಮೇಲೆ ಹೆಸರು ಬರೆದರೆ ಅದನ್ನು ಪಂಪಣ್ಣ ಓದುತ್ತಾನೆ. ಹನ್ನೊಂದು ವರ್ಷ ಅವನ ಕೈಯ ಚಹಾ ಕುಡಿದದ್ದಾಗಿದೆ.

ನಾಲ್ಕಕ್ಕೆ ಪಂಪಣ್ಣ ಟ್ರೇ ಹಿಡಿದು ಬಂದ. ಮರಿಲಿಂಗಪ್ಪನವರು ರೂಢಿಯಂತೆ ಬಾಗಿಲಿಗೆ ಹೋಗಲಿಲ್ಲ. ಟೇಬಲ್ಲಿನ ಹತ್ತಿರ ನಿಂತು ಫಾರಂ ತುಂಬತೊಡಗಿದರು. ಹೆಸರು. ಹಳ್ಳಿ. ಪ್ಲೇಟಿನ ಮೇಲೆ ಐದು. ನಿಜವಾಗಿ ಹತ್ತು. ಕೂಡಿಸಿದ ವರ್ಷ ೨೦೦೯. ಸಹಿ ಹಾಕಿ, ಕಾಗದವನ್ನು ಪಂಪಣ್ಣನ ಕಡೆ ತಿರುಗಿಸಿದರು.

"ಓದು ಪಂಪಣ್ಣ."

ಪಂಪಣ್ಣ ಟ್ರೇ ಕೆಳಗಿಟ್ಟು ಓದಿದ. ತಲೆ ಎತ್ತಲಿಲ್ಲ.

"ನಿನ್ನ ಕೈ ಹೋದ ದಿನ ನನ್ನ ಮೋಟಾರ್ ಹತ್ತರದಿತ್ತು. ನನಗ ಗೊತ್ತಿತ್ತು. ಗೊತ್ತಿದ್ದೂ ಐದು ಬರದಿದ್ದೆ," ಎಂದರು ಮರಿಲಿಂಗಪ್ಪ. "ಏನ್ ಅಂತಿ ಅನ್ನು. ಹೊಡೀತಿ ಹೊಡಿ."

ಸಪ್ನಾ ಲ್ಯಾಪ್‌ಟಾಪಿನಿಂದ ಮುಖ ಎತ್ತಿದ್ದಳು. ಪಂಪಣ್ಣ ಎಡಗೈ ಚಾಚಿ, ಕಟ್ಟಿನಿಂದ ಇನ್ನೊಂದು ಖಾಲಿ ಫಾರಂ ಎಳೆದುಕೊಂಡ. ಅದು ಗಾಳಿಗೆ ಹಾರದಂತೆ ಬಲಗಡೆಯ ಮೋಟು ತೋಳನ್ನು ಅದರ ಮೇಲೆ ಒತ್ತಿದ. ಎಡಗೈಯಲ್ಲಿ ಪೆನ್ನು ಹಿಡಿದು ಬರೆಯತೊಡಗಿದ. ಅವನ ಎಡಗೈ ಅಕ್ಷರ ಒಂದನೆಯ ಇಯತ್ತೆಯ ಮಕ್ಕಳು ಬರೆದ ಹಾಗೆ ದಪ್ಪ ದಪ್ಪ, ಬಹಳ ಹೊತ್ತು ಹಿಡಿಯಿತು.

ಪಂಪಣ್ಣನ ಹೊಲ ಅದೇ ದಂಡೆಯಲ್ಲಿದೆ ಎಂದು ನನಗೆ ಗೊತ್ತಿತ್ತು. ಅದೇ ಟಿ.ಸಿ. ಎಂದು ಹೊಳೆದಿರಲಿಲ್ಲ.

ಪ್ಲೇಟಿನ ಮೇಲೆ ಐದು. ನಿಜವಾಗಿ ಹತ್ತು. ಕೂಡಿಸಿದ ವರ್ಷ ೨೦೦೮.

"ನಿನಕಿಂತ ಒಂದು ವರ್ಷ ಮೊದಲ," ಎಂದ ಪಂಪಣ್ಣ. "ಲೈನ್‌ಮನ್‌ನ ಮೋಟಾರ್ ಯಾರ್ ನೋಡ್ತಾರ ಅಂತ ನಾನೂ ಕೂಡಸಿದ್ದೆ. ದವಾಖಾನ್ಯಾಗ ಮಲಕೊಂಡು ಅದ ಎಣಿಸ್ತಿದ್ದೆ. ನಿನಗ ಹೇಳಬೇಕಂತ ಎಷ್ಟು ಸಲ ಬಂದೀನಿ. ನೀ ಒಂದು ಗಳಿಗಿ ಕುಂತ್ರಲ್ಲ ಹೇಳೋದು!"

ಮರಿಲಿಂಗಪ್ಪನವರು ತಮ್ಮ ಹಿಂದೆ ಕೈಯಾಡಿಸಿ ಕುರ್ಚಿಯನ್ನು ಹುಡುಕಿದರು. ಕುಳಿತರು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಪಂಪಣ್ಣ ಚಹಾದ ಕಪ್ಪನ್ನು ಅವರ ಮುಂದೆ ಸರಿಸಿ, ಫಾರಮ್ಮಿನ ಕಟ್ಟನ್ನು ಮೋಟು ತೋಳಿನ ಸಂದಿಗೆ ಸಿಕ್ಕಿಸಿಕೊಂಡ. "ಆರತದ, ಕುಡಿ. ನಾಳಿ ಮುಂಜಾನೆ ಗಾಡಿ ತಗೊಂಡ ಬಾ, ಇಬ್ರೂ ಹೋಗೂಣು. ಈ ಕೈ ನೋಡಿದ ಮ್ಯಾಲೂ ಯಾವನು ಐದು ಅಂತಾನ ನೋಡ್ತೀನಿ."

ನಾನು ಹೊಸ ಪಟ್ಟಿ ತೆರೆದೆ. ಮೊದಲನೆಯ ಹೆಸರು ಮರಿಲಿಂಗ, ಎರಡನೆಯದು ಪಂಪಣ್ಣ. ಎಚ್‌ಪಿಯ ಸಾಲಿಗೆ ಬಂದಾಗ ನನ್ನ ಬೆರಳು ತಾನಾಗಿಯೇ ಐದರ ಮೇಲೆ ಹೋಗಿತ್ತು. ಅಳಿಸಿ, ಹತ್ತು ಎಂದು ಹೊಡೆದೆ.